ಹಂಚಿನ ನೆಲ ಹಂಚುವಾಗ ದುಡಿದವರ ಪಾಲೆಲ್ಲಿ?

ಹೂವಿನ ಹಿಪ್ಪರಗಿಗೆ ಮಂಗಳೂರು ದೂರ. ಆದರೆ ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದ ಮಂದಿ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೂ ದುಡಿಯಲು ಹೋಗುತ್ತಾರೆ. ಹಾಗಾಗಿ ಈ ಮಾತು ನಮ್ಮದೂ ಹೌದು.

ಮಂಗಳೂರು ಹಂಚು ಗೊತ್ತಲ್ಲ? 1865ರಲ್ಲಿ ಬಾಸೆಲ್ ಮಿಷನ್ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಹಂಚು ಹಡಗಿನಲ್ಲಿ ಹೋಗುತ್ತಿತ್ತು. ನದಿ ದಂಡೆಯಲ್ಲಿ ಇನ್ನೂ ಅನೇಕ ಕಾರ್ಖಾನೆ ಎದ್ದವು. ಸಿಮೆಂಟಿನ ತಾರಸಿ ಬಂದ ಮೇಲೆ ಬಹಳಷ್ಟು ಮುಚ್ಚಿದವು. ಈಗ ಆ ನೆಲಕ್ಕೆ ಬಂಗಾರದ ಬೆಲೆ.

ಅಲ್ಲಿ ಮನೆ, ಅಂಗಡಿ, ಆಫೀಸು ಕೂಡಿದ ಬಡಾವಣೆ ಕಟ್ಟಿದರೆ ನಮ್ಮ ತಕರಾರಿಲ್ಲ. ಪಾಳು ಬೀಳುವುದಕ್ಕಿಂತ ಒಳ್ಳೆಯದು. ಆದರೆ ದುಡಿಯುವವರ ಪಾಲು ಮೊದಲೇ ಕಾಗದದ ಮೇಲೆ ಬರಬೇಕು.

ಮುಂಬೈಯ ಬಟ್ಟೆ ಗಿರಣಿಗಳನ್ನೇ ನೋಡಿ. 1991ರ ನಿಯಮದಂತೆ ಗಿರಣಿ ಜಾಗದ ಮೂರರಲ್ಲೊಂದು ಪಾಲು ಮೈದಾನ-ಉದ್ಯಾನಕ್ಕೆ, ಇನ್ನೊಂದು ಸರ್ಕಾರಿ ಗೃಹಮಂಡಳಿಯ ಮನೆಗಳಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ನಿಯಮ ತಿದ್ದಿದರು: ಕಟ್ಟಡವಿಲ್ಲದ ಖಾಲಿ ಜಾಗ ಮಾತ್ರ ಪಾಲಿಗೆ! ಗಿರಣಿಯೊಳಗೆ ಖಾಲಿ ಜಾಗ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಜನರ ಪಾಲು ಎಕರೆಗಟ್ಟಲೆ ಕರಗಿತು.

ಮಂಗಳೂರಲ್ಲಿ ಹೀಗಾಗಬಾರದು. ಗೋಡೆ ಕಟ್ಟುವ ಗೌಂಡಿ, ಇಟ್ಟಿಗೆ ಹೊರುವ ಅಕ್ಕ ತಗಡಿನ ಶೆಡ್ಡಿನಲ್ಲಿ ಮಲಗಿ, ಕೆಲಸ ಮುಗಿದ ದಿನ ಗೇಟಿನ ಹೊರಗೆ ನಿಲ್ಲುವುದು ಯಾವ ಅಭಿವೃದ್ಧಿ? ದುಡಿಯುವವರ ಕೈಗೆಟಕುವ ಬಾಡಿಗೆ ಮನೆ, ಎಲ್ಲರಿಗೂ ತೆರೆದ ನದಿ ದಂಡೆ — ಇವೆರಡು ಇಲ್ಲದ ನಕ್ಷೆಗೆ ಪಾಲಿಕೆ ಸಹಿ ಹಾಕಬಾರದು.