ಬಾಗಿಲು ಕಾಯುವವರ ಪ್ರಶ್ನೆ

'ಮುಕ್ತ' ಎಂಬುದು ನಮ್ಮ ಕಾಲದಲ್ಲಿ ಬಹಳ ಸವೆದುಹೋದ ಶಬ್ದ. 1991ರಲ್ಲಿ ಈ ದೇಶ ಮುಕ್ತ ಮಾರುಕಟ್ಟೆಯತ್ತ ಹೊರಳಿದಾಗ, ಯಾರಿಗೆ ಮುಕ್ತ, ಯಾವುದರಿಂದ ಮುಕ್ತ ಎಂಬ ಪ್ರಶ್ನೆಗಳನ್ನು ನಮ್ಮ ಲೇಖಕರು ಬಿಡದೆ ಕೇಳಿದರು. ಅದೇ 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ ತಾವು ಬರೆಯುತ್ತಿದ್ದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಜಗತ್ತಿನ ಮುಂದಿಟ್ಟರು. ಲಿನಕ್ಸ್ ಎಂಬ ಹೆಸರಿನಲ್ಲಿ ಅದು ಇಂದು ಸರ್ವರುಗಳಿಂದ ಹಿಡಿದು ನಮ್ಮ ಜೇಬಿನ ಆಂಡ್ರಾಯ್ಡ್ ಫೋನುಗಳವರೆಗೆ ಎಲ್ಲೆಡೆ ಇದೆ. ಆದರೆ 'ಮುಕ್ತ ತಂತ್ರಾಂಶ' ಎಂಬ ಮಾತಿನ ಬಗೆಗೆ ಮಾತ್ರ ನಮ್ಮಲ್ಲಿ ಆ ಬಗೆಯ ಪ್ರಶ್ನೆ ಹುಟ್ಟಲೇ ಇಲ್ಲ. ಹುಟ್ಟಬೇಕಿತ್ತು ಎಂದು ನನಗನ್ನಿಸುತ್ತದೆ. ಅನುಮಾನಿಸುವುದಕ್ಕಲ್ಲ, ಅರ್ಥಮಾಡಿಕೊಳ್ಳುವುದಕ್ಕೆ.

ಮುಕ್ತ ತಂತ್ರಾಂಶದ ಪರವಾನಗಿ ಕೊಡುವ ಸ್ವಾತಂತ್ರ್ಯಗಳು ಸ್ಪಷ್ಟವಾಗಿವೆ. ಬಳಸಬಹುದು, ಕೋಡನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಇವೆಲ್ಲ ನಿಮ್ಮ ಕೈಯಲ್ಲಿರುವ ಪ್ರತಿಯ ಮಾತು. ಎಲ್ಲರೂ ಯಾವುದರಿಂದ ಪ್ರತಿ ಮಾಡಿಕೊಳ್ಳುತ್ತಾರೋ ಆ ಮೂಲಪ್ರತಿಯಲ್ಲಿ ಒಂದಕ್ಷರ ಸೇರಿಸುವ ಹಕ್ಕನ್ನು ಯಾವ ಪರವಾನಗಿಯೂ ಕೊಡುವುದಿಲ್ಲ. ಆ ಹಕ್ಕಿಗೆ ಆ ಲೋಕದವರು ಕಮಿಟ್ ಅಧಿಕಾರ ಎನ್ನುತ್ತಾರೆ. ಅದಿಲ್ಲದವರು ತಮ್ಮ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಕಳಿಸಿ ಕಾಯಬೇಕು. ಅದಿದ್ದವರು ಓದಬೇಕು, ಪ್ರಶ್ನಿಸಬೇಕು, ಒಪ್ಪಬೇಕು ಇಲ್ಲವೇ ತಳ್ಳಿಹಾಕಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಕೈಯಾಡಿಸಿದವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. ಅಲ್ಲಿ ಮೊದಲು ಬರೆಯುವುದು, ಆಮೇಲೆ ತಿದ್ದಿಸಿಕೊಳ್ಳುವುದು. ಇಲ್ಲಿ ಮೊದಲು ತಿದ್ದಿಸಿಕೊಳ್ಳುವುದು, ಆಮೇಲೆ ಸೇರುವುದು.

ಬಾಗಿಲು ಎಲ್ಲ ಯೋಜನೆಗಳಲ್ಲೂ ಇದೆ, ಕಾಯುವ ರೀತಿ ಬೇರೆ ಬೇರೆ. ಲಿನಕ್ಸಿನದು ಪಾಳೆಯಗಾರಿಕೆಯನ್ನು ನೆನಪಿಸುವ ಶ್ರೇಣಿ. ಒಂದೊಂದು ವಿಭಾಗಕ್ಕೂ ನಿರ್ವಾಹಕರಿದ್ದಾರೆ, ಅವರ ಹೆಸರುಗಳು ಕೋಡಿನ ಜತೆಗೇ ಇರುವ ಒಂದು ಕಡತದಲ್ಲಿ ದಾಖಲಾಗಿರುತ್ತವೆ, ಅವರು ಒಪ್ಪಿದ್ದನ್ನು ಮೇಲಿನವರು ಒಪ್ಪುತ್ತಾರೆ, ತುದಿಯಲ್ಲಿ ಟೊರ್ವಾಲ್ಡ್ಸ್. ಫ್ರೀಬಿಎಸ್‌ಡಿಯವರದು ಗಣರಾಜ್ಯದ ಮಾದರಿ. ಕಮಿಟ್ ಅಧಿಕಾರ ಪಡೆದವರೆಲ್ಲ ಸೇರಿ 2000ದಿಂದ ಎರಡು ವರ್ಷಕ್ಕೊಮ್ಮೆ ಒಂಬತ್ತು ಜನರ ಮಂಡಲಿಯನ್ನು ಚುನಾಯಿಸುತ್ತಾರೆ, ಹೊಸದಾಗಿ ಅಧಿಕಾರ ಪಡೆದವರು ಕೆಲಕಾಲ ಒಬ್ಬ ಹಿರಿಯರ ಅನುಮತಿಯಿಲ್ಲದೆ ಏನನ್ನೂ ಸೇರಿಸುವಂತಿಲ್ಲ. ಅಪಾಚೆಯಲ್ಲಿ ಅಧಿಕಾರ ವ್ಯಕ್ತಿಗೆ, ಕಂಪನಿಗಲ್ಲ. ಅಲ್ಲಿ ಒಬ್ಬರ 'ಬೇಡ' ಎಂಬ ಮತವೂ ಒಂದು ಬದಲಾವಣೆಯನ್ನು ತಡೆಯಬಲ್ಲದು, ಆದರೆ ಬೇಡವೆಂದವರು ತಾಂತ್ರಿಕ ಕಾರಣ ಕೊಡಲೇಬೇಕು. ಡೆಬಿಯನ್ ಸೇರಬೇಕಾದವರ ಗುರುತನ್ನು ಈಗಾಗಲೇ ಸದಸ್ಯರಾದವರು ಪರಿಶೀಲಿಸಿ ಅವರ ಡಿಜಿಟಲ್ ಕೀಲಿಗೆ ಸಹಿ ಹಾಕಿರಬೇಕು. ಹೀಗೆ ಅರಸೊತ್ತಿಗೆ, ಚುನಾವಣೆ, ನಿಷೇಧಾಧಿಕಾರ, ದೀಕ್ಷೆ ಎಲ್ಲವೂ ಇಲ್ಲುಂಟು. ರಾಜಕೀಯವೇ ಇಲ್ಲದ ತಾಂತ್ರಿಕ ಲೋಕವೆಂದು ಇದನ್ನು ಬಣ್ಣಿಸುವವರ ಮುಗ್ಧತೆ ನನಗೆ ಸೋಜಿಗ.

ಬಾಗಿಲೇ ಬೇಡವೆಂದು ನಾನು ವಾದಿಸುತ್ತಿಲ್ಲ. ತಾಳೆಗರಿಯ ಪಾಠಗಳನ್ನು ಹೋಲಿಸಿ ನೋಡುವ ನಮ್ಮ ಗ್ರಂಥಸಂಪಾದಕರಿಗೆ ಪ್ರಕ್ಷಿಪ್ತವೆಂದರೆ ಏನೆಂದು ಗೊತ್ತು. ಮೂಲಕ್ಕೆ ಹೊರಗಿನಿಂದ ಸೇರಿಕೊಂಡ ಪದ್ಯ ಮೂಲದ ಛಂದಸ್ಸಿನಲ್ಲೇ ಇರುತ್ತದೆ, ಆದ್ದರಿಂದಲೇ ಅದು ಕಣ್ಣು ತಪ್ಪಿಸುತ್ತದೆ. 2003ರ ನವೆಂಬರಿನಲ್ಲಿ ಲಿನಕ್ಸಿಗೆ ಅಂಥದೊಂದು ಪ್ರಕ್ಷೇಪ ಮಾಡುವ ಯತ್ನ ನಡೆಯಿತು. ಎರಡು ಸಾಲು ಅಷ್ಟೆ. ಅದರಲ್ಲಿ ಹೋಲಿಕೆಯನ್ನು ಸೂಚಿಸುವ ಎರಡು ಸಮಚಿಹ್ನೆಗಳಿರಬೇಕಾದಲ್ಲಿ ಒಂದೇ ಇತ್ತು. ಎರಡಿದ್ದರೆ 'ಈ ಬಳಕೆದಾರ ಯಜಮಾನನೇ?' ಎಂಬ ಪ್ರಶ್ನೆ, ಒಂದಿದ್ದರೆ 'ಈ ಬಳಕೆದಾರನನ್ನು ಯಜಮಾನನಾಗಿಸು' ಎಂಬ ಆಜ್ಞೆ. ಅದು ಸೇರಿದ್ದು ಅಧಿಕೃತ ಮೂಲಪ್ರತಿಗಲ್ಲ, ಅದರ ಒಂದು ನಕಲಿಗೆ. ನಕಲು ಮೂಲಕ್ಕೆ ತಾಳೆಯಾಗದ್ದರಿಂದ ಬೇಗ ಸಿಕ್ಕಿಬಿತ್ತು. ಪರಿಶೀಲನೆಯ ದಾಖಲೆಯಿಲ್ಲದ ಒಂದು ಸಾಲೂ ಮೂಲದಲ್ಲಿರಕೂಡದೆಂಬ ಶಿಸ್ತಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಬಾಗಿಲು ಕಾಯುವವರು ಅನ್ಯಾಯ ಮಾಡಿದರೆ ಏನು ಗತಿ? ಈ ಲೋಕದ ಹಳೆಯ ಉತ್ತರ: ಕವಲೊಡೆಯಿರಿ. ಇಡೀ ಕೋಡನ್ನು ಎತ್ತಿಕೊಂಡು ಹೋಗಿ ಬೇರೆ ಮನೆ ಹೂಡಿ. ಇದು ಬರಿಯ ಬೆದರಿಕೆಯಲ್ಲ. ಲಿನಕ್ಸಿನಲ್ಲಿ ಕಿಟಕಿ, ಚಿತ್ರಗಳನ್ನು ಪರದೆಗೆ ತರುತ್ತಿದ್ದ ಎಕ್ಸ್‌ಫ್ರೀ86 ಯೋಜನೆಯ ಮುಖ್ಯಸ್ಥರು 2003ರಲ್ಲಿ ಕೀತ್ ಪ್ಯಾಕರ್ಡ್ ಎಂಬ ಹಿರಿಯ ಲೇಖಕರ ಕಮಿಟ್ ಅಧಿಕಾರವನ್ನು ಕಿತ್ತುಕೊಂಡರು. ಮರುವರ್ಷ ಪರವಾನಗಿಯನ್ನೂ ಬದಲಿಸಿದರು. 2004ರಲ್ಲಿ ಎಕ್ಸ್.ಆರ್ಗ್ ಎಂಬ ಕವಲು ಹುಟ್ಟಿತು, ಪ್ರಮುಖ ವಿತರಣೆಗಳೆಲ್ಲ ಅತ್ತ ವಾಲಿದವು, ಹಳೆಯ ಮನೆಯಲ್ಲಿ ಬಾಗಿಲು ಉಳಿಯಿತು, ಜನ ಉಳಿಯಲಿಲ್ಲ. ಆದರೆ ಈ ಮದ್ದು ಎಲ್ಲ ಕಾಯಿಲೆಗೂ ಅಲ್ಲ. ಬಂಡೇಳಲು ಹತ್ತಾರು ಜನ ಸಮರ್ಥರು ಬೇಕು. ಒಬ್ಬನೇ ಮನುಷ್ಯ ಬಿಡುವಿನ ವೇಳೆಯಲ್ಲಿ ಕಾಯುತ್ತಿರುವ ಬಾಗಿಲಿನ ಮುಂದೆ ಬಂಡೇಳುವವರಾದರೂ ಯಾರು?

ಎಕ್ಸ್‌ಜೆಡ್ ಎಂಬ ತಂತ್ರಾಂಶದ ಕಥೆ ಅಂಥ ಬಾಗಿಲಿನದು. ಕಡತಗಳನ್ನು ಕುಗ್ಗಿಸಿಡುವ ಈ ಪುಟ್ಟ ಸಾಧನವನ್ನು ಲಿನಕ್ಸಿನ ಬಹುತೇಕ ವಿತರಣೆಗಳು ಅವಲಂಬಿಸಿವೆ. ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸ್ಸೆ ಕಾಲಿನ್ ಒಬ್ಬರೇ, ಸಂಬಳವಿಲ್ಲದೆ. 2021ರಲ್ಲಿ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಪ್ಯಾಚ್ ಕಳಿಸಲಾರಂಭಿಸಿದರು. ಕೆಲಸ ಚೊಕ್ಕವಾಗಿತ್ತು. 2022ರಲ್ಲಿ ಬೇರೆ ಕೆಲವು ಹೆಸರುಗಳು ಕಾಣಿಸಿಕೊಂಡು ಕಾಲಿನ್ ಅವರನ್ನು ಪೀಡಿಸತೊಡಗಿದವು: ಪ್ಯಾಚುಗಳು ಕೊಳೆಯುತ್ತಿವೆ, ನಿಮಗೆ ಆಸಕ್ತಿಯಿಲ್ಲ, ಬೇರೆಯವರಿಗೆ ಬಿಟ್ಟುಕೊಡಿ. ಆ ಹೆಸರುಗಳಲ್ಲೊಂದು ಜಿಗರ್ ಕುಮಾರ್. ಹೀಗೆ ಗದರಿಸುವ ಪಾತ್ರಕ್ಕೆ ಭಾರತೀಯ ಹೆಸರೇ ಯಾಕೆ ಬೇಕಾಯಿತೆಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ. ತಾನು ಬಹುಕಾಲದಿಂದ ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿರುವುದನ್ನೂ ಇದು ಸಂಬಳವಿಲ್ಲದ ಹವ್ಯಾಸವೆಂಬುದನ್ನೂ ಕಾಲಿನ್ ಬಹಿರಂಗವಾಗಿಯೇ ತೋಡಿಕೊಂಡರು. ಕೊನೆಗೆ ಕಮಿಟ್ ಅಧಿಕಾರ ಜಿಯಾ ಟಾನ್‌ಗೆ ದಕ್ಕಿತು. 2023ರಲ್ಲಿ ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವ ಕೆಲಸವೂ ಆ ಕೈಗೇ ಬಂತು. 2024ರ ಫೆಬ್ರವರಿಯಲ್ಲಿ ಹೊರಬಂದ 5.6.0 ಆವೃತ್ತಿಯಲ್ಲಿ, ದೂರದಿಂದ ಕಂಪ್ಯೂಟರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ವ್ಯವಸ್ಥೆಯನ್ನು ಒಳಗಿನಿಂದ ತೆರೆಯುವ ಕಳ್ಳಬಾಗಿಲಿತ್ತು.

ನನ್ನನ್ನು ಬಹುವಾಗಿ ಕಾಡುವುದು ಇದರ ಒಂದು ವಿವರ. ಎಲ್ಲರೂ ಓದಬಹುದಾದ ಕೋಡಿನಲ್ಲಿ ಆ ಕಳ್ಳಬಾಗಿಲು ಓದಸಿಗುವಂತಿರಲಿಲ್ಲ. ಅದರ ಒಡಲು ಪರೀಕ್ಷೆಗೆಂದು ಇಟ್ಟಿದ್ದ, ಮನುಷ್ಯರು ಓದಲಾಗದ ಕಡತಗಳೊಳಗೆ ಅಡಗಿತ್ತು. ಅದನ್ನು ಎಬ್ಬಿಸುವ ಸಾಲು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು, ಮೂಲಪ್ರತಿಯಲ್ಲಿ ಇರಲಿಲ್ಲ. ಓದುಗರಿಗೆ ತೋರಿಸಿದ್ದು ಒಂದು ಪಾಠ, ಜಗತ್ತಿಗೆ ಹಂಚಿದ್ದು ಇನ್ನೊಂದು. ಮಾರ್ಚ್ 29ರಂದು ಇದನ್ನು ಬಯಲಿಗೆಳೆದ ಆಂಡ್ರೆಸ್ ಫ್ರಾಯಿಂಡ್ ಕಾವಲುಗಾರರೇನಲ್ಲ. ಪೋಸ್ಟ್‌ಗ್ರೆಸ್ ಎಂಬ ಬೇರೊಂದು ಯೋಜನೆಯವರು, ಮೈಕ್ರೋಸಾಫ್ಟಿನ ಉದ್ಯೋಗಿ. ಎಸ್‌ಎಸ್‌ಎಚ್ ಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದವರು. ಅಷ್ಟರಲ್ಲಿ ಡೆಬಿಯನ್, ಫೆಡೋರಾಗಳ ಪ್ರಾಯೋಗಿಕ ಆವೃತ್ತಿಗಳಿಗೆ ಅದು ಹೊಕ್ಕಿತ್ತು. ಸ್ಥಿರ ಆವೃತ್ತಿಗಳಿಗೆ ತಲುಪುವ ಮೊದಲೇ ಸಿಕ್ಕಿದ್ದು ಅದೃಷ್ಟ.

ಇಂಥ ಘಟನೆಯಾದಾಗ ಮೊದಲು ಕೇಳಿಬರುವ ಕೂಗು, ಗುರುತಿನ ಚೀಟಿ ತೋರಿಸಿ ಎಂಬುದು. ನಿಜನಾಮ, ದೇಶ, ಪಾಸ್‌ಪೋರ್ಟು. ಈ ದಾರಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ನಿದರ್ಶನ ಸಿಕ್ಕಿತು. ಲಿನಕ್ಸಿನ ನಿರ್ವಾಹಕರ ಪಟ್ಟಿಯಿಂದ ರಷ್ಯಾದ ಹಲವರ ಹೆಸರುಗಳನ್ನು ಒಂದೇ ಪ್ಯಾಚಿನಲ್ಲಿ ತೆಗೆದುಹಾಕಲಾಯಿತು. ಕೊಟ್ಟ ಕಾರಣ, ಪಾಲಿಸಬೇಕಾದ ಕೆಲವು ಕಾನೂನಿನ ಅಗತ್ಯಗಳಿವೆ ಎಂಬಷ್ಟೆ. ಅಮೆರಿಕದ ನಿರ್ಬಂಧಗಳ ಪಟ್ಟಿಯಲ್ಲಿರುವ ಸಂಸ್ಥೆಗಳ ಮಾತು ಇದೆಂಬುದು ಆಮೇಲೆ ತಿಳಿಯಿತು. ಉಕ್ರೇನಿನ ಮೇಲಿನ ಆಕ್ರಮಣವನ್ನು ನಾನು ಒಂದು ಕ್ಷಣವೂ ಸಮರ್ಥಿಸುವವನಲ್ಲ. ಆದರೆ ಒಂದು ಪ್ಯಾಚನ್ನು ತಳ್ಳಿಹಾಕಲು ತಾಂತ್ರಿಕ ಕಾರಣ ಬೇಕೆನ್ನುವ ಲೋಕ, ವರ್ಷಗಟ್ಟಲೆ ದುಡಿದವರ ಹೆಸರನ್ನು ತೆಗೆಯುವಾಗ ಒಂದು ಸಾಲಿನಲ್ಲಿ ಮುಗಿಸಿತು. ಯಾವ ರಾಜ್ಯಕ್ಕೂ ಸೇರದ್ದೆಂದು ಹೇಳಿಕೊಂಡಿದ್ದ ಬಾಗಿಲಿನ ಕೀಲಿ ಒಂದು ರಾಜ್ಯದ ಕಾನೂನಿನ ಕೈಯಲ್ಲಿದೆಯೆಂಬುದು ಅಂದು ಬಯಲಾಯಿತು. ಇಂದು ರಷ್ಯನ್ನರ ಸರದಿ. ಪೋಖ್ರಾನಿನ ಅಣುಪರೀಕ್ಷೆಯ ನಂತರ 1998ರಲ್ಲಿ ಅಮೆರಿಕದ ನಿರ್ಬಂಧಗಳ ಬಿಸಿಯುಂಡ ದೇಶದವರು ಇದನ್ನು ಪರರ ಸಂಗತಿಯೆಂದು ತಳ್ಳಿಹಾಕುವಂತಿಲ್ಲ.

ಗುರುತಿನ ಚೀಟಿಯಿಂದ ಜಿಯಾ ಟಾನ್ ಸಿಕ್ಕಿಬೀಳುತ್ತಿದ್ದನೆಂದು ಹೇಳುವುದೂ ಕಷ್ಟ. ಎರಡು ವರ್ಷ ತಾಳ್ಮೆಯಿಂದ ದುಡಿದು ವಿಶ್ವಾಸ ಗಳಿಸಬಲ್ಲವರಿಗೆ ಸುಳ್ಳು ಪಾಸ್‌ಪೋರ್ಟು ದೊಡ್ಡ ಸಂಗತಿಯಲ್ಲ. ಅಲ್ಲಿ ಇಲ್ಲದಿದ್ದದ್ದು ಎರಡನೆಯ ಓದುಗ. ಜಿಯಾ ಟಾನ್ ಬರೆದುದನ್ನು ಬಿಡುವಿಟ್ಟು ಓದುವ, ಪರೀಕ್ಷಾ ಕಡತಗಳಲ್ಲಿ ಏನಿದೆ, ಬಿಡುಗಡೆಯ ಕಟ್ಟು ಮೂಲಕ್ಕೆ ತಾಳೆಯಾಗುತ್ತದೆಯೇ ಎಂದು ಕೇಳುವ, ದಣಿದಿಲ್ಲದ ಇನ್ನೊಬ್ಬ ಮನುಷ್ಯ. ನನ್ನ ವಾದದ ತಿರುಳು ಇಷ್ಟೇ: ಮುಕ್ತ ತಂತ್ರಾಂಶದಲ್ಲಿ ಬರೆಯುವವರಿಗೆ ಬರವಿಲ್ಲ, ಓದುವವರಿಗೆ ಬರ ಬಂದಿದೆ.

ಪುಣೆಯ ಕಚೇರಿಗಳಲ್ಲಿ ಇತರರ ಕೋಡ್ ಓದಿ ಒಪ್ಪಿಗೆ ಕೊಡುವುದು ಬಹಳ ವರ್ಷಗಳಿಂದ ನನ್ನ ಹೊಟ್ಟೆಪಾಡು. ಈ ದುಡಿಮೆಯ ಸ್ವರೂಪ ವಿಚಿತ್ರವಾದದ್ದು. ಬರೆದವರ ಹೆಸರು ಸಾಲುಸಾಲಿಗೂ ದಾಖಲಾಗುತ್ತದೆ. ತಡೆದವರು ಏನನ್ನು ತಡೆದರೆಂಬುದು ಯಾವ ಲೆಕ್ಕಕ್ಕೂ ಸಿಗದು, ಏಕೆಂದರೆ ಅದು ನಡೆಯಲೇ ಇಲ್ಲ. ಚೆನ್ನಾಗಿ ಓದುವವರು ನಿಧಾನ. ನಿಧಾನವೆಂದರೆ ಅಡ್ಡಿ. ಕಂಪನಿಯಲ್ಲಾದರೆ ಇದಕ್ಕೆ ಸಂಬಳವಾದರೂ ಉಂಟು. ಸ್ವಯಂಸೇವಕರಿಗೆ ಜಿಗರ್ ಕುಮಾರನಂಥವರ ಪತ್ರಗಳೇ ಸಂಬಳ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಕ್ಷಣಾರ್ಧದಲ್ಲಿ ನೂರು ಸಾಲು ಪ್ಯಾಚ್ ಬರೆದುಕೊಡುತ್ತವೆ. ಬರೆಯುವ ಖರ್ಚು ನೆಲಕಚ್ಚಿದೆ, ಓದುವ ಖರ್ಚು ಇದ್ದಲ್ಲೇ ಇದೆ.

ಈ ಓದಿನ ತಾಳ್ಮೆಯನ್ನು ಪ್ರಯೋಗಪಶುವಾಗಿಸಿದವರೂ ಇದ್ದಾರೆ. ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಉದ್ದೇಶಪೂರ್ವಕವಾಗಿ ದೋಷವಿಟ್ಟ ಪ್ಯಾಚುಗಳನ್ನು ಲಿನಕ್ಸಿಗೆ ಕಳಿಸಿ, ಹಿಡಿಯುತ್ತಾರೋ ಇಲ್ಲವೋ ಎಂದು ಪರೀಕ್ಷಿಸಿ ಪ್ರಬಂಧ ಬರೆದರು. 2021ರ ಏಪ್ರಿಲಿನಲ್ಲಿ ಇಡೀ ವಿಶ್ವವಿದ್ಯಾಲಯದ ಪ್ಯಾಚುಗಳಿಗೇ ಬಾಗಿಲು ಮುಚ್ಚಲಾಯಿತು. ಸಂಶೋಧಕರು ಕ್ಷಮೆ ಕೇಳಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಆ ಸಿಟ್ಟು ಅತಿಯಾಯಿತೆಂದು ಕೆಲವರು ಅಂದರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿಂದ ಹಿಂದೆ ಬಂದಿದ್ದ ಪ್ಯಾಚುಗಳನ್ನೆಲ್ಲ ಮತ್ತೆ ಓದಿ ತೂಗಬೇಕಾದವರು ಅವೇ ದಣಿದ ಕಣ್ಣುಗಳು.

ಹಾಗಾದರೆ ಏನಾಗಬೇಕು? ಎಸ್‌ಎಸ್‌ಎಚ್‌ನಂಥ ವ್ಯವಸ್ಥೆಗಳು ಅವಲಂಬಿಸುವ ಯಾವ ತಂತ್ರಾಂಶವೂ ಒಬ್ಬರೇ ಬರೆದು, ಅವರೇ ಒಪ್ಪಿ, ಅವರೇ ಬಿಡುಗಡೆ ಮಾಡುವಂತಿರಬಾರದು. ಎರಡನೆಯ ಸಹಿ ಕಡ್ಡಾಯವಾಗಬೇಕು. ಆದರೆ ಇದನ್ನು ನಿಯಮವಾಗಿ ಹೇರಿ ಕೈತೊಳೆದುಕೊಂಡರೆ, ಇರುವ ಒಬ್ಬರೂ ಬಿಟ್ಟುಹೋಗುತ್ತಾರೆ. ಎರಡನೆಯ ಸಹಿ ಹಾಕುವವರನ್ನು ಒದಗಿಸಬೇಕಾದವರು, ಅದರಿಂದ ಲಾಭ ಪಡೆಯುವವರು. ಹಣ ಕೊಡುವುದು ಒಳ್ಳೆಯದೇ, ಆದರೆ ಹಣ ಓದುವುದಿಲ್ಲ. ತಮ್ಮ ನೌಕರರಲ್ಲಿ ಒಬ್ಬಿಬ್ಬರ ವಾರದ ಒಂದು ದಿನವನ್ನಾದರೂ, ತಮಗೆ ಬೇಕಾದ ಪ್ಯಾಚ್ ನುಗ್ಗಿಸಲಿಕ್ಕಲ್ಲದೆ ಇತರರ ಪ್ಯಾಚ್ ಓದಲಿಕ್ಕೆಂದು ಕಂಪನಿಗಳು ಬಿಟ್ಟುಕೊಡಬೇಕು. ನಮ್ಮ ಸರಕಾರಗಳಿಗೂ ಇದು ಅನ್ವಯಿಸುತ್ತದೆ. ಸಿ-ಡ್ಯಾಕ್ ಡೆಬಿಯನ್ನನ್ನು ಆಧರಿಸಿ ಬಾಸ್ ಲಿನಕ್ಸನ್ನು ರೂಪಿಸಿತು. 2015ರಲ್ಲಿ ಕೇಂದ್ರ ಸರಕಾರ ಮುಕ್ತ ತಂತ್ರಾಂಶ ಕುರಿತು ನೀತಿಯೊಂದನ್ನು ಪ್ರಕಟಿಸಿತು. ಅದರ ಹೆಸರೇ ಹೇಳುವಂತೆ ಅದು ಅಳವಡಿಕೆಯ ನೀತಿ. ಅಳವಡಿಸಿಕೊಂಡದ್ದನ್ನು ಓದುವವರು ಯಾರೆಂಬ ಪ್ರಶ್ನೆಯನ್ನು ಪ್ರತಿ ಇಲಾಖೆಗೂ, ಪ್ರತಿ ಇಂಜಿನಿಯರಿಂಗ್ ಕಾಲೇಜಿಗೂ ಕೇಳಬೇಕಾಗಿದೆ. ವರ್ಷಕ್ಕೊಂದು ಹೊಸ 'ಪ್ರಾಜೆಕ್ಟ್' ಬರೆಸುವ ಕಾಲೇಜುಗಳು, ಬಳಕೆಯಲ್ಲಿರುವ ಒಂದು ಸಣ್ಣ ತಂತ್ರಾಂಶವನ್ನು ಆಮೂಲಾಗ್ರ ಓದಿಸಿ ಅದರ ಪರಿಶೀಲನೆಗೆ ಅಂಕ ಕೊಡಬಾರದೇಕೆ?

ಇತ್ತ ಎಕ್ಸ್‌ಜೆಡ್‌ನ ಕಳ್ಳಬಾಗಿಲನ್ನು ಕಿತ್ತುಹಾಕಿದ 5.6.2 ಆವೃತ್ತಿ 2024ರ ಮೇ ಕೊನೆಯಲ್ಲಿ ಬಿಡುಗಡೆಯಾಯಿತು. ಎರಡು ತಿಂಗಳ ಕಾಲ ಜಿಯಾ ಟಾನ್ ಮುಟ್ಟಿದ್ದನ್ನು ಹಿಂದಿನಿಂದ ಓದಿಕೊಂಡು ಬಂದು ಅದನ್ನು ಹೊರತಂದವರು ಲಾಸ್ಸೆ ಕಾಲಿನ್.