ಅರಗಿನ ಹೊಳಪೂ ಎರಕದ ಹೊಳಪೂ

ಕಡೆದ ಮರದ ಸಾಮಾನುಗಳಿಗೆ ಎಪಾಕ್ಸಿಯೆಂಬ ಕೃತಕ ರಾಳವನ್ನು ಹೊಯ್ದು ಗಾಜಿನಂತೆ ಹೊಳೆಯಿಸುವ ಪದ್ಧತಿಯು ಈಚೆಗೆ ನಮ್ಮ ನಾಡಿನಲ್ಲಿಯೂ ಹಬ್ಬುತ್ತಲಿದೆ. ಇದನ್ನು ಕಂಡು ಕೆಲವರು, ಚನ್ನಪಟ್ಟಣದ ಅರಗಿನ ಕೆಲಸಕ್ಕೆ ಇನ್ನು ಕಾಲವಿಲ್ಲವೆಂದೂ, ಹೊಳಪು ಹೆಚ್ಚಿದಷ್ಟೂ ಕಲೆಯು ಮುಂದುವರಿದಂತೆಯೆಂದೂ ವಾದಿಸುತ್ತಾರೆ. ಈ ವಾದವು ನಮಗೆ ಸಮ್ಮತವಲ್ಲ.

ಎರಡು ಹೊಳಪುಗಳ ಹುಟ್ಟನ್ನು ಮೊದಲು ವಿಚಾರಿಸೋಣ. ಚನ್ನಪಟ್ಟಣದ ಕುಶಲಕರ್ಮಿಗಳು ಒಣಗಿದ ಹಾಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಎಲೆಯಿಂದ ತಿಕ್ಕಲು ಮಿರುಗುತ್ತದೆ. ಅರಗು ಕೀಟಜನ್ಯವಾದ ವಸ್ತು. ಮತ್ತೆ ಬಿಸಿಮಾಡಿದರೆ ಮತ್ತೆ ಮೆತ್ತಗಾಗುವುದು ಅದರ ಗುಣ. ಆದುದರಿಂದ ಮಾಸಿದ ಸಾಮಾನನ್ನು ಪುನಃ ಯಂತ್ರಕ್ಕೇರಿಸಿ ಹೊಸದಾಗಿಸಬಹುದು.

ಎಪಾಕ್ಸಿಯಾದರೋ 1930ರ ದಶಕದಲ್ಲಿ ರೂಪುಗೊಂಡ ರಾಸಾಯನಿಕ ಪದಾರ್ಥ. ರಾಳವನ್ನೂ ಅದನ್ನು ಗಟ್ಟಿಮಾಡುವ ಇನ್ನೊಂದು ದ್ರವವನ್ನೂ ಅಳತೆಯಂತೆ ಬೆರೆಸಿ ಅಚ್ಚಿಗೆ ಹೊಯ್ಯಬೇಕು. ಅಳತೆ ತಪ್ಪಿದರೆ ಅದು ಜಿಗುಟಾಗಿಯೇ ಉಳಿಯುತ್ತದೆ; ಮರದಲ್ಲಿ ತೇವವಿದ್ದರೆ ಗುಳ್ಳೆಯೇಳಬಹುದು; ಬಿಸಿಲಿಗೆ ಬಹುಕಾಲ ಇಟ್ಟರೆ ಹಳದಿಗಟ್ಟುತ್ತದೆ. ಒಮ್ಮೆ ಗಟ್ಟಿಯಾದುದು ಮರಳಿ ಕರಗದು. ಹಸಿಯ ದ್ರವವು ಮೈಗೆ ತಾಗಿ ಚರ್ಮರೋಗವಾಗುವುದುಂಟು. ಕಡೆಯುವಾಗ ಏಳುವ ಧೂಳು ಉಸಿರಿಗೆ ಒಳ್ಳೆಯದಲ್ಲ.

ಹಾಗಾದರೆ ಎಪಾಕ್ಸಿಯು ಸರ್ವಥಾ ತ್ಯಾಜ್ಯವೇ? ಅಲ್ಲ. ಸೀಳಿದ, ಹುಳುಹಿಡಿದ ಮರವನ್ನು ಕಟ್ಟಿಹಿಡಿದು ಕಡೆಯಲು ಯೋಗ್ಯವಾಗಿಸುವ ಶಕ್ತಿ ಅದಕ್ಕುಂಟು. ಅರಗಿಗೂ ದೋಷಗಳುಂಟು: ಕಾದ ಪಾತ್ರೆಯನ್ನಾಗಲಿ ಮದ್ಯಸಾರವನ್ನಾಗಲಿ ಅದು ಸಹಿಸದು. ನಮ್ಮ ಆಕ್ಷೇಪವು ವಸ್ತುವಿನ ಮೇಲಲ್ಲ, ವಂಚನೆಯ ಮೇಲೆ. ರಾಳ ಹೊಯ್ದುದನ್ನು ಅರಗಿನದೆಂದು ಮಾರುವುದು ಕೊಳ್ಳುವವರಿಗೂ ಮೋಸ, ಕುಶಲಕರ್ಮಿಗಳಿಗೂ ದ್ರೋಹ. ಚನ್ನಪಟ್ಟಣದ ಆಟಿಕೆ ಬೊಂಬೆಗಳಿಗೆ 2005–06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿತು. ಊರಿನ ಹೆಸರಿಗೆ ಆ ಬೆಲೆ ಬಂದುದು ಅಲ್ಲಿಯ ಕೈಗಳ ಕಸುಬಿನಿಂದಲೇ ಹೊರತು, ಡಬ್ಬಿಯಿಂದ ಸುರಿದ ಹೊಳಪಿನಿಂದಲ್ಲ.

ಆದುದರಿಂದ ಪ್ರತಿಯೊಂದು ಸಾಮಾನಿನ ಮೇಲೂ ಅದರ ಲೇಪವು ಅರಗೋ ಕೃತಕ ರಾಳವೋ ಎಂಬುದನ್ನು ಸ್ಪಷ್ಟವಾಗಿ ಬರೆಯತಕ್ಕದ್ದು. ರಾಳದ ಕೆಲಸ ಮಾಡಿಸುವವರು ಕೆಲಸಗಾರರಿಗೆ ಕೈಚೀಲವನ್ನೂ ಉಸಿರಿನ ಮುಸುಕನ್ನೂ ಒದಗಿಸತಕ್ಕದ್ದು. ಇನ್ನು ವಿದ್ಯಾವಂತ ಗೃಹಸ್ಥರ ಹೊಣೆಯೊಂದುಂಟು. ಮಗುವಿನ ಕೈಗೆ ಗಿಲಕಿಯನ್ನು ಕೊಡುವ ತಾಯ್ತಂದೆಗಳು, ಅದು ಎಷ್ಟು ಹೊಳೆಯುತ್ತದೆಂದು ನೋಡುವ ಮೊದಲು, ಏತರಿಂದ ಹೊಳೆಯುತ್ತದೆಂದು ಅಂಗಡಿಯವನನ್ನು ಕೇಳಲಿ. ಕೇಳುವವರಿದ್ದರೆ ಹೇಳುವವರು ತಾವಾಗಿಯೇ ಹುಟ್ಟುತ್ತಾರೆ.