ಕಿವಿಗೊಂದು ಕನ್ನಡಕ ಸಾಕೇ?

ನಮ್ಮ ಕಡೆ ನಲವತ್ತು ದಾಟಿದವರು ಧರಿಸುವ ಕನ್ನಡಕಕ್ಕೆ ‘ಚಾಳೀಸು’ ಎಂದು ಹೆಸರು. ವಯಸ್ಸಿನ ಲೆಕ್ಕವೇ ಆ ಹೆಸರಿನಲ್ಲಿ ಅಡಗಿದ್ದರೂ ಅದನ್ನು ಹಾಕಿಕೊಳ್ಳಲು ಯಾರೂ ನಾಚುವುದಿಲ್ಲ. ಮೂಗಿನ ಮೇಲೆ ಚಾಳೀಸು ಬಂದರೆ ಮನುಷ್ಯನಿಗೆ ಒಂದು ತೂಕ ಬಂತೆಂದೇ ಜನ ತಿಳಿಯುತ್ತಾರೆ. ಕಿವಿಯ ಮಾತು ಹಾಗಲ್ಲ. ‘ಕಿವುಡನ ಮುಂದೆ ಶಂಖ ಊದಿದ ಹಾಗೆ’ ಎಂಬ ಗಾದೆಯಲ್ಲಿ ಕಿವುಡು ಎಂದರೆ ದಡ್ಡತನವೆಂದೇ ಅರ್ಥ. ಕಣ್ಣು ಮಂಜಾದವನನ್ನು ಕಂಡರೆ ಮರುಕ, ಕಿವಿ ಮಂದವಾದವನನ್ನು ಕಂಡರೆ ನಗೆ. ಆದುದರಿಂದಲೇ ಕಿವಿ ಕೇಳದವರು ಕೇಳಿದವರಂತೆ ತಲೆಯಾಡಿಸುವುದನ್ನು ಕಲಿತುಬಿಡುತ್ತಾರೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಮೂರೂವರೆ ದಶಕ ಕನ್ನಡ ಕಲಿಸಿದ ನಾನು ನಿವೃತ್ತಿಯ ಹೊತ್ತಿಗೆ ಆ ತಲೆಯಾಡಿಸುವವರ ಸಾಲಿಗೆ ಸೇರಿದ್ದೆ. ಮೊದಲು ಬಂದದ್ದು ಸದ್ದು. ರಾತ್ರಿ ಊರು ಮಲಗಿದ ಮೇಲೆ ಎರಡೂ ಕಿವಿಗಳಲ್ಲಿ ಜೀರುಂಡೆ ಕೂಗಿದಂತೆ ಎಡೆಬಿಡದ ಮೊರೆತ. ಈಗಿನ ವೈದ್ಯರು ಇದನ್ನು ಟಿನ್ನಿಟಸ್ ಎನ್ನುತ್ತಾರೆ. ಸುಶ್ರುತ ಸಂಹಿತೆಯು ಎಣಿಸುವ 28 ಕರ್ಣರೋಗಗಳಲ್ಲಿ ‘ಕರ್ಣನಾದ’, ‘ಬಾಧಿರ್ಯ’ ಎಂಬ ಎರಡು ಹೆಸರುಗಳಿವೆ. ಅಂದರೆ ಮೊರೆತವೂ ಕಿವುಡೂ ಈ ನಾಡಿನ ವೈದ್ಯಕ್ಕೆ ಹೊಸವಲ್ಲ. ತೋರಿಸಲು ಹೋದಾಗ ವೈದ್ಯರೊಬ್ಬರು, “ವಯಸ್ಸಾಯ್ತಲ್ರಿ ಮಾಸ್ತರ್ರ, ಇದಕ್ಕ ಔಷಧ ಇಲ್ಲ” ಎಂದು ಕಳುಹಿಸಿದರು. ಔಷಧವಿಲ್ಲವೆಂಬುದು ಬಹುಮಟ್ಟಿಗೆ ನಿಜವೇ. ಆದರೆ ಔಷಧವಿಲ್ಲವೆಂದರೆ ಉಪಾಯವಿಲ್ಲವೆಂದಲ್ಲ ಎಂದು ತಿಳಿಯಲು ನನಗೆ ಹತ್ತು ವರ್ಷ ಬೇಕಾಯಿತು.

ಓದುಗ ಮಿತ್ರರು ಒಂದು ವಿಷಯವನ್ನು ಮನಗಾಣಬೇಕು. ವಯಸ್ಸಿನಿಂದ ಬರುವ ಕಿವುಡು ಎಲ್ಲ ಸದ್ದನ್ನೂ ಸಮನಾಗಿ ಕುಗ್ಗಿಸುವುದಿಲ್ಲ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಅಂಗವೊಂದಿದೆ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳಿದ್ದು, ಒಮ್ಮೆ ನಾಶವಾದರೆ ಅವು ಮತ್ತೆ ಹುಟ್ಟುವುದಿಲ್ಲ. ಎತ್ತರದ ಶ್ರುತಿಯನ್ನು ಗ್ರಹಿಸುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇದ್ದು, ಸಾಮಾನ್ಯವಾಗಿ ಅವೇ ಮೊದಲು ಸವೆಯುತ್ತವೆ. ಸ್ವರಗಳು ತಗ್ಗಿನ ಶ್ರುತಿಯವು, ಗಟ್ಟಿಯಾದವು, ಅವು ಉಳಿಯುತ್ತವೆ. ಸ, ಶ, ಪ, ತ, ಕ, ಹ ಮುಂತಾದ ಮೆಲುದನಿಯ ವ್ಯಂಜನಗಳು ಮಾಯವಾಗುತ್ತವೆ. ಕಾಲು, ಪಾಲು, ಸಾಲು, ಹಾಲು — ಎಷ್ಟೋ ಮಕ್ಕಳಿಗೆ ನಾನು ಉಕ್ತಲೇಖನ ಬರೆಸಿದ ಈ ನಾಲ್ಕು ಪದಗಳು ನನಗೆ ಒಂದೇ ಪದವಾಗಿಬಿಟ್ಟವು. ನಮ್ಮೂರಿನದೇ ಕಥೆಯಾದ ‘ಸಂಗ್ಯಾ-ಬಾಳ್ಯಾ’ ಸಣ್ಣಾಟಕ್ಕೆ ಹೋದರೆ ಹಾಡಿನ ದಾಟಿ ಕೇಳುತ್ತಿತ್ತು, ಹಾಡಿನ ಮಾತು ಕೇಳುತ್ತಿರಲಿಲ್ಲ. “ನನಗೆ ಕೇಳಿಸುತ್ತದೆ, ಜನರೇ ಸ್ಪಷ್ಟವಾಗಿ ಮಾತಾಡುವುದಿಲ್ಲ” ಎಂದು ಹಿರಿಯರು ಗೊಣಗುವುದರ ಮರ್ಮ ಇದು. ಅವರು ಸುಳ್ಳು ಹೇಳುತ್ತಿಲ್ಲ. ಅರ್ಧ ಮಾತು ಅವರಿಗೆ ನಿಜವಾಗಿಯೂ ಕೇಳುತ್ತಿರುತ್ತದೆ.

ಇದರ ಬೆಲೆ ಸಣ್ಣದಲ್ಲ. ಮದುವೆ, ಮುಂಜಿ, ಪ್ರವಚನಗಳಿಗೆ ಹೋಗುವುದು ನಿಲ್ಲುತ್ತದೆ. ದೂರವಾಣಿ ಬಾರಿಸಿದರೆ ಎದೆ ಝಲ್ಲೆನ್ನುತ್ತದೆ. ಔಷಧ ಅಂಗಡಿಯವನು ಊಟದ ಮೊದಲು ಎಂದನೋ ನಂತರ ಎಂದನೋ ತಿಳಿಯದೆ ಗುಳಿಗೆ ನುಂಗಬೇಕಾಗುತ್ತದೆ. ಮನೆಯಲ್ಲಿ ಹೆಂಡತಿಯ ಮಾತು ಕೈಸನ್ನೆಗಿಳಿಯುತ್ತದೆ. ಮೊಮ್ಮಕ್ಕಳು ಎರಡು ಸಲ ಹೇಳಿ ಮೂರನೆಯ ಸಲಕ್ಕೆ “ಏನಿಲ್ಲ ಬಿಡ್ರಿ ಅಜ್ಜಾ” ಎನ್ನುತ್ತಾರೆ. ಆ ‘ಏನಿಲ್ಲ’ ಎಂಬ ಮಾತಿನಷ್ಟು ಒಂಟಿತನ ತರುವ ಮಾತು ಕನ್ನಡದಲ್ಲಿ ಮತ್ತೊಂದಿಲ್ಲ. ಮರೆವಿನ ಕಾಯಿಲೆಗೆ ಕಾರಣವಾಗುವ, ಆದರೆ ನಾವು ತಡೆಯಬಹುದಾದ ಅಂಶಗಳ ಪಟ್ಟಿಯೊಂದನ್ನು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಪ್ರಕಟಿಸಿತು. ಅದರಲ್ಲಿರುವ 14 ಅಂಶಗಳಲ್ಲಿ ಶ್ರವಣ ನಷ್ಟವೂ ಒಂದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 43 ಕೋಟಿ ಜನರಿಗೆ ಶ್ರವಣದ ನೆರವು ಬೇಕಾಗಿದೆ.

ಎರಡು ವರ್ಷಗಳ ಹಿಂದೆ ಧಾರವಾಡಕ್ಕೆ ಹೋಗಿ ಕಿವಿ ಪರೀಕ್ಷೆ ಮಾಡಿಸಿ, ಎರಡೂ ಕಿವಿಗಳಿಗೆ ಶ್ರವಣಯಂತ್ರ ಹಾಕಿಸಿಕೊಂಡೆ. ಮೊದಲ ವಾರ ಹಿಂಸೆಯೇ ಆಯಿತು. ನಲ್ಲಿಯ ನೀರು ಜಲಪಾತದಂತೆ ಕೇಳಿತು. ಪತ್ರಿಕೆಯ ಪುಟ ಮಗುಚಿದರೆ ಒಣ ತರಗು ತುಳಿದಂತಾಯಿತು. ನನ್ನ ದನಿಯೇ ಕೊಡದೊಳಗಿಂದ ಬಂದಂತಿತ್ತು. ಶ್ರವಣತಜ್ಞೆಯಾದ ಆ ಹೆಣ್ಣುಮಗಳು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಮಾತನ್ನೇ ನನಗೆ ಹೇಳಿದಳು: “ಸರ್, ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡ್ರಿ. ಕೇಳೋದು ಕಿವಿ ಅಲ್ರಿ, ಮಿದುಳು.” ವರ್ಷಗಟ್ಟಲೆ ಸದ್ದಿಲ್ಲದೆ ಕುಳಿತ ಮಿದುಳು ಯಾವುದು ಮಾತು, ಯಾವುದು ಗದ್ದಲ ಎಂದು ಬೇರ್ಪಡಿಸುವುದನ್ನು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ನನ್ನ ಯಂತ್ರವನ್ನು ಆಕೆ ನಾಲ್ಕು ಸಲ ಹೊಂದಿಸಿಕೊಟ್ಟಳು. ನಾಲ್ಕನೆಯ ಸಲದ ನಂತರ ಹಾಲು ಹಾಲಾಯಿತು, ಸಾಲು ಸಾಲಾಯಿತು. ಮೊರೆತ ಹೋಗಿಲ್ಲ, ಆದರೆ ಹೊರಗಿನ ಸದ್ದು ಒಳಗೆ ಬಂದ ಮೇಲೆ ಅದು ಹಗಲಿನಲ್ಲಿ ಹಚ್ಚಿಟ್ಟ ಹಣತೆಯಂತೆ ಮಂಕಾಗಿದೆ.

ಇದು ಸಾಧ್ಯವಾದದ್ದು ನನಗೆ ನಿವೃತ್ತಿ ವೇತನವಿತ್ತು, ಬಸ್ಸು ಹತ್ತುವ ಶಕ್ತಿಯಿತ್ತು, ಧಾರವಾಡ ಹತ್ತಿರವಿತ್ತು ಎಂಬ ಕಾರಣಕ್ಕೆ. ರಾಮದುರ್ಗದ ನನ್ನ ಹಳೆಯ ಪರಿಚಯದ ನೇಕಾರರೊಬ್ಬರ ಕಥೆ ಬೇರೆ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್‌ಗೆ ಮಿಕ್ಕ ಸದ್ದು ಬಿದ್ದರೆ ಕಿವಿಗೆ ಅಪಾಯವೆನ್ನುತ್ತಾರೆ. ವಿದ್ಯುತ್ ಮಗ್ಗದ ಸದ್ದು ಅದನ್ನು ದಾಟುವುದು ಸಾಮಾನ್ಯ. ಆ ಮಗ್ಗದ ಮುಂದೆ ಆಯುಷ್ಯ ಕಳೆದ ಅವರಿಗೆ ಶಿಬಿರವೊಂದರಲ್ಲಿ ಉಚಿತವಾಗಿ ಯಂತ್ರ ಸಿಕ್ಕಿತು. ಫೋಟೋ ತೆಗೆದರು, ಚಪ್ಪಾಳೆಯಾಯಿತು, ವಾಹನ ಹೊರಟುಹೋಯಿತು. ಆರು ತಿಂಗಳ ನಂತರ ನಾನು ಕೇಳಿದಾಗ ಯಂತ್ರ ದೇವರ ಜಗಲಿಯ ಮೇಲಿತ್ತು. “ಹಾಕ್ಕೊಂಡ್ರ ಬಸ್‌ಸ್ಟ್ಯಾಂಡ್ ಪೂರಾ ತಲಿಯೊಳಗ ಬಂದಂಗ ಆಗತೈತ್ರಿ ಮಾಸ್ತರ್ರ. ಸೆಲ್ಲೂ ಮುಗದಾವ, ಇಲ್ಲಿ ಸಿಗೂದಿಲ್ಲ” ಎಂದರು. ಯಂತ್ರ ಕೆಟ್ಟಿರಲಿಲ್ಲ. ಹೊಂದಿಸುವವರಿರಲಿಲ್ಲ, ಕಲಿಸುವವರಿರಲಿಲ್ಲ, ಅಷ್ಟೆ.

ನಾನು ಹೇಳಬೇಕೆಂದಿರುವುದು ಇದನ್ನೇ. ಕನ್ನಡಕ ಹಾಕಿದ ಕ್ಷಣವೇ ಅಕ್ಷರ ಕಾಣುತ್ತದೆ. ಶ್ರವಣಯಂತ್ರ ಹಾಗಲ್ಲ, ಅದು ಪಾಟಿ-ಬಳಪದಂತೆ. ಮಗುವಿನ ಕೈಗೆ ಪಾಟಿ ಕೊಟ್ಟು ಶಾಲೆಯ ಬಾಗಿಲು ಮುಚ್ಚಿದರೆ ಅಕ್ಷರ ಬರುವುದೇ? ಯಂತ್ರ ಹಂಚುವುದನ್ನು ನಾವು ಸೇವೆಯ ಕೊನೆಯೆಂದು ಎಣಿಸಿದ್ದೇವೆ, ಅದು ಆರಂಭ.

ಯೋಜನೆಗಳೇ ಇಲ್ಲವೆಂದಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವಿದೆ. ಬಡ ಹಿರಿಯರಿಗೆ ಇತರ ಸಾಧನಗಳೊಡನೆ ಶ್ರವಣಯಂತ್ರವನ್ನೂ ನೀಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಬಂದಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದ ಹೆಮ್ಮೆ. ಆದರೆ ರಾಮದುರ್ಗದಿಂದ ಮೈಸೂರು ಒಂದು ರಾತ್ರಿಯ ಪ್ರಯಾಣ. ಜಿಲ್ಲಾಸ್ಥಳವಾದ ಬೆಳಗಾವಿಯೇ ಸುಮಾರು ನೂರು ಕಿಲೋಮೀಟರು. ಯಂತ್ರ ಹೊಂದಿಸಲು ನಾಲ್ಕು ಸಲ ಹೋಗಬೇಕೆಂದರೆ ಕೂಲಿಯವನು ನಾಲ್ಕು ದಿನದ ಕೂಲಿ ಕಳೆದುಕೊಳ್ಳಬೇಕು. ಇನ್ನೊಂದು ತೊಡಕೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನಾಗಿ ಕೇಳುವ ಕಿವಿಯಲ್ಲೂ ನಷ್ಟ 35 ಡೆಸಿಬೆಲ್ ದಾಟಿದರೆ ಬದುಕಿಗೆ ತೊಡಕೆಂದು ಪರಿಗಣಿಸುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಎರಡೂ ಕಿವಿಗಳ ನಷ್ಟ 60 ಡೆಸಿಬೆಲ್ ಮುಟ್ಟಿದರೆ ಮಾತ್ರ ‘ಮಂದ ಶ್ರವಣ’. ಈ ಎರಡರ ನಡುವಿನವರು ಮಾತು ತಪ್ಪಿಸಿಕೊಳ್ಳುತ್ತಾರೆ, ಪ್ರಮಾಣಪತ್ರ ಮಾತ್ರ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ — ಈ ನಾಲ್ಕು ಊರುಗಳ ಸರಕಾರಿ ಆಸ್ಪತ್ರೆಗಳಿಗೆ ತಿಂಗಳಿಗೊಂದು ಗೊತ್ತಾದ ದಿನ ಒಬ್ಬ ಶ್ರವಣತಜ್ಞರು ಬರಲಿ. ಅದು ಸಂತೆಯ ದಿನವಾದರೆ ಹಳ್ಳಿಯವರಿಗೆ ಬೇರೆ ಬಸ್ ಖರ್ಚಿಲ್ಲ. ಯಾವುದೇ ಶಿಬಿರದಲ್ಲಿ ಯಂತ್ರ ಹಂಚುವವರು ಮುಂದಿನ ಮೂರು ಭೇಟಿಗಳ ದಿನಾಂಕವನ್ನೂ ಬರೆದುಕೊಡಲಿ. ಬರೆದುಕೊಡಲಾರದವರು ಹಂಚುವುದೇ ಬೇಡ. ಬ್ಯಾಟರಿ ಊರಿನ ಔಷಧ ಅಂಗಡಿಯಲ್ಲಿ ಸಿಗುವಂತಾಗಲಿ. ನಿವೃತ್ತ ನೌಕರರ ಸಂಘಗಳಲ್ಲಿ ನಮ್ಮಂಥ ಮಾಸ್ತರರು ಬೇಕಾದಷ್ಟು ಮಂದಿ ಇದ್ದೇವೆ. ಯಂತ್ರವನ್ನು ಕಿವಿಗೆ ಸರಿಯಾಗಿ ಕೂಡಿಸುವುದು, ಒರೆಸಿಡುವುದು, ದಿನಕ್ಕೊಂದು ತಾಸು ಎದುರು ಕುಳಿತು ನಿಧಾನವಾಗಿ ಓದಿ ಕೇಳಿಸುವುದು — ಇಷ್ಟನ್ನು ಒಂದು ದಿನದ ತರಬೇತಿ ಪಡೆದು ನಾವೇ ಮಾಡಬಹುದು.

ಮನೆಯವರಿಗೂ ಒಂದು ಮಾತು. ಕಿವಿಗೆ ಕಾಸಿದ ಎಣ್ಣೆ ಹಾಕಬೇಡಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ, ಒಂದೇ ಕಿವಿಯಲ್ಲಿ ಮೊರೆತ ಹುಟ್ಟಿದರೆ, ಕೀವು ಬಂದರೆ, ಯಂತ್ರದ ಅಂಗಡಿಗಲ್ಲ, ಮೊದಲು ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿರಿ. ಹಠಾತ್ ಕಿವುಡಿಗೆ ದಿನಗಳೇ ಮುಖ್ಯ. ಕೇಳದವರೊಡನೆ ಅರಚಬೇಡಿ, ಮುಖ ನೋಡಿ, ನಿಧಾನವಾಗಿ ಮಾತಾಡಿರಿ. ಜಗಲಿಯ ಮೇಲೋ ಪೆಟ್ಟಿಗೆಯಲ್ಲೋ ಯಂತ್ರ ಕುಳಿತಿದ್ದರೆ ಈ ವಾರವೇ ಅದನ್ನು ಹೊರತೆಗೆದು ಹಿರಿಯರೊಡನೆ ತಜ್ಞರಲ್ಲಿಗೆ ಹೋಗಿಬನ್ನಿರಿ. ಮೂರನೆಯ ಸಲ ಕೇಳಿದಾಗಲೂ ‘ಏನಿಲ್ಲ’ ಎನ್ನದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿರಿ. ಅದಕ್ಕೆ ಸರಕಾರದ ಯಾವ ಆದೇಶವೂ ಬೇಕಾಗಿಲ್ಲ.